ಮಕ್ಕಳಲ್ಲಿ ಬೊಜ್ಜು: ಮನೆಮಂದಿಯೆಲ್ಲ ಸೇರಿ ತಡೆಯೋಣ



ನಮ್ಮ ಸಂಘಗಳ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಕಂತು, ಬ್ಯಾಂಕಿನ ವ್ಯವಹಾರ ಎಲ್ಲ ಮುಗಿದ ಮೇಲೆ ಮಕ್ಕಳ ಮಾತು ಬಂದೇ ಬರುತ್ತದೆ. ಮೊದಲೆಲ್ಲ ಈ ಮಾತು ಹೆಚ್ಚಾಗಿ "ನನ್ನ ಮಗು ಏನೂ ತಿನ್ನಲ್ಲ, ಕಡ್ಡಿ ಥರ ಆಗಿದೆ" ಎಂದು ಶುರುವಾಗುತ್ತಿತ್ತು. ಈಗಲೂ ಆ ಮಾತು ನಿಂತಿಲ್ಲ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಬಗೆಯ ಮಾತು ಕೇಳಿಬರುತ್ತಿದೆ. "ಒಂಬತ್ತು ವರ್ಷಕ್ಕೇ ಹನ್ನೆರಡು ವರ್ಷದವರ ಬಟ್ಟೆ ತರಬೇಕು", "ಎರಡನೇ ಮಹಡಿ ಹತ್ತೋಷ್ಟರಲ್ಲಿ ಮೇಲುಸಿರು ಬಿಡ್ತಾಳೆ", "ಶಾಲೆಯಲ್ಲಿ ಡುಮ್ಮ ಅಂತ ಕರೀತಾರಂತೆ, ಹೋಗಲ್ಲ ಅಂತ ಹಟ ಮಾಡ್ತಾನೆ". ಶಿವಾಜಿನಗರ, ಹಲಸೂರು, ಕೆ.ಆರ್. ಪುರ, ಎಲ್ಲ ಕಡೆಯೂ ಇದೇ ಕಥೆ.

"ಬೊಜ್ಜು ಶ್ರೀಮಂತರ ಮನೆ ಕಾಯಿಲೆ, ಇಂದಿರಾನಗರದ ನೂರಡಿ ರಸ್ತೆಯವರದು, ನಮಗೇನು?" ಎಂದು ಕೇಳುವವರಿದ್ದಾರೆ. ಹಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಹೆಚ್ಚಾಗಿರುವವರು 2015-16ರಲ್ಲಿ ನೂರಕ್ಕೆ 2.1 ಇದ್ದರು, 2019-21ರ ಹೊತ್ತಿಗೆ 3.4 ಆದರು. ಸಂಖ್ಯೆ ಸಣ್ಣದು ಅನ್ನಿಸಬಹುದು, ಆದರೆ ನಾಲ್ಕೈದು ವರ್ಷದಲ್ಲಿ ಒಂದೂವರೆ ಪಟ್ಟು ಏರಿದೆ. ಇನ್ನೊಂದು ಸಂಗತಿ ಇದಕ್ಕಿಂತ ಯೋಚನೆಗೆ ಹಚ್ಚುವಂಥದ್ದು. 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಹತ್ತರಲ್ಲಿ ಒಂದು ಮಗುವಿನಲ್ಲಿ ಸಕ್ಕರೆ ಕಾಯಿಲೆಗೆ ಮುಂಚಿನ ಸ್ಥಿತಿ ಕಂಡುಬಂತು. ಇವರೆಲ್ಲ ದಪ್ಪ ಮಕ್ಕಳಲ್ಲ. ನೋಡಲು ಸಣ್ಣಗೆ ಕಾಣುವ ಮಕ್ಕಳೂ ಇದ್ದಾರೆ.

ಇದು ಹೇಗೆ ಸಾಧ್ಯ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ, ಮೈಸೂರಿಗೆ ಹೋದರೆ ಸಾಕು. ಅಲ್ಲಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1934ರಿಂದಲೂ ಆ ಆಸ್ಪತ್ರೆಯವರು ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ಬರೆದು ಜೋಪಾನವಾಗಿ ಇಟ್ಟಿದ್ದರು. ಅದರಿಂದ ಪ್ರೇರಣೆ ಪಡೆದ ವೈದ್ಯರು 1997-98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ನೋಡುತ್ತಾ ಬಂದರು. ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ಆರು ಜನರಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇತ್ತು. ಅವರ ಮಕ್ಕಳಿಗೆ ಐದು ವರ್ಷವಾದಾಗ ನೋಡಿದರೆ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಚರ್ಮದಡಿಯ ಕೊಬ್ಬು ಬೇರೆ ಮಕ್ಕಳಿಗಿಂತ ಹೆಚ್ಚಿತ್ತು. ಒಂಬತ್ತು ಹತ್ತು ವರ್ಷವಾಗುವ ಹೊತ್ತಿಗೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು.

ಇದೇ ಬಗೆಯ ಅಧ್ಯಯನ ಪುಣೆಯಲ್ಲೂ ನಡೆದಿದೆ. ಎರಡೂ ಕಡೆ ತಿಳಿದುಬಂದದ್ದು ಇಷ್ಟು: ನಮ್ಮ ದೇಶದ ಮಕ್ಕಳು ಹುಟ್ಟುವಾಗ ತೂಕ ಕಡಿಮೆ ಇದ್ದರೂ, ಆ ಸಣ್ಣ ಮೈಯಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಇಂಥ ಮಗು ಬೆಳೆಯುತ್ತಾ ಬಂದಾಗ ಎಣ್ಣೆ, ಸಕ್ಕರೆ, ಮೈದಾ ಹೆಚ್ಚು ಸಿಕ್ಕಿ, ಓಡಾಟ ಕಡಿಮೆಯಾದರೆ ಕೊಬ್ಬು ನೇರವಾಗಿ ಹೊಟ್ಟೆಯ ಸುತ್ತ ಹೋಗಿ ಕೂರುತ್ತದೆ. ಆದ್ದರಿಂದ ಬಡತನ ಇದ್ದ ಮನೆಗೆ ಬೊಜ್ಜು ಬರುವುದಿಲ್ಲ ಎನ್ನುವುದು ಸರಿಯಲ್ಲ. ಹಸಿವನ್ನು ಕಂಡ ಮನೆಗೇ ಅದು ಬೇಗ ಹತ್ತಿಕೊಳ್ಳಬಹುದು.

ಇಲ್ಲಿಂದ ಒಂದು ಮಾತು ನೆನಪಿಡಿ. ನಿಮ್ಮ ಸಂಘದಲ್ಲಿ ಯಾರಾದರೂ ಬಸುರಿ ಇದ್ದರೆ ಮೊದಲ ಭೇಟಿಯಲ್ಲೇ ಒಂದು ಸಲ, ಆಮೇಲೆ 24ರಿಂದ 28ನೇ ವಾರದೊಳಗೆ ಇನ್ನೊಂದು ಸಲ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. "ಕಾದು ಕೂರೋಕೆ ಯಾರ ಕೈಲಾಗುತ್ತೆ" ಎಂದು ಎದ್ದು ಬರಬೇಡಿ. ಅವಳ ಜೊತೆಗೆ ಸಂಘದಿಂದ ಒಬ್ಬರು ಹೋಗಿ ಕೂತರೂ ದೊಡ್ಡ ಉಪಕಾರ. ಮಗು ಹುಟ್ಟಿದ ಮೇಲೆ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಮನೆಯ ಮೆತ್ತನೆ ಊಟದ ಜೊತೆ ಎರಡು ವರ್ಷದವರೆಗೂ ಎದೆಹಾಲು. ಎರಡು ವರ್ಷ ತುಂಬುವವರೆಗೆ ಮಗುವಿನ ಊಟಕ್ಕೆ ಸಕ್ಕರೆ ಸೇರಿಸುವ ಅಗತ್ಯವೇ ಇಲ್ಲ. ಬಾಟಲಿಯಲ್ಲಿ ಸಕ್ಕರೆ ಹಾಲು ಕುಡಿದು ಮಲಗುವ ಅಭ್ಯಾಸವಂತೂ ಹಲ್ಲಿಗೂ ಕೇಡು, ಮೈಗೂ ಕೇಡು.

ದಾರದಿಂದ ಒಂದು ಪರೀಕ್ಷೆ

"ನನ್ನ ಮಗು ದಪ್ಪವೋ, ಸರಿಯಾಗಿದೆಯೋ, ಹೇಗೆ ಗೊತ್ತಾಗುತ್ತೆ?" ಕಣ್ಣಳತೆ ನಂಬುವ ಹಾಗಿಲ್ಲ. ನಮ್ಮಲ್ಲಿ ಗುಂಡುಗುಂಡಾಗಿರುವ ಮಗುವನ್ನು ಕಂಡರೆ "ಎಷ್ಟು ಚೆನ್ನಾಗಿದೆ, ದೃಷ್ಟಿ ತೆಗೀರಿ" ಅನ್ನುತ್ತೇವೆ, ಸರಿಯಾದ ತೂಕದ ಮಗುವನ್ನು ಕಂಡು "ಊಟ ಹಾಕಲ್ವಾ?" ಎಂದು ತಾಯಿಯನ್ನೇ ಕೇಳುತ್ತೇವೆ. ಅಂಗನವಾಡಿಯಲ್ಲಿ ತೂಕ, ಎತ್ತರ ನೋಡಿ ತಾಯಿ ಕಾರ್ಡಿನಲ್ಲಿ ಗುರುತು ಹಾಕುತ್ತಾರೆ. ಆ ಗೆರೆ ಕೆಳಗಿಳಿದರೆ ಮಾತ್ರ ನಾವು ಗಾಬರಿಯಾಗುತ್ತೇವೆ, ಮೇಲೆ ಹೋದರೆ ಖುಷಿಪಡುತ್ತೇವೆ. ತೂಕದ ಗೆರೆ ಎತ್ತರದ ಗೆರೆಯನ್ನು ಬಿಟ್ಟು ಮೇಲೆ ಮೇಲೆ ಹೋಗುತ್ತಿದ್ದರೆ ಅದನ್ನೂ ಕೇಳಬೇಕು.

ಆರು ವರ್ಷ ದಾಟಿದ ಮಕ್ಕಳಿಗೆ ಮನೆಯಲ್ಲೇ ಮಾಡುವ ಸುಲಭ ಪರೀಕ್ಷೆ ಒಂದಿದೆ. ಹೂ ಕಟ್ಟುವ ದಾರ ಸಾಕು. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ದಾರ ಅಳೆದು ಕತ್ತರಿಸಿ. ಆ ದಾರವನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ. ಈಗ ಮಡಿಸಿದ ದಾರವನ್ನು ಮಗುವಿನ ಸೊಂಟದ ಸುತ್ತ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ. ಮಗು ಉಸಿರು ಬಿಟ್ಟು ಸಡಿಲವಾಗಿ ನಿಂತಿರಲಿ, ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ದಾರದ ಎರಡು ತುದಿ ಕೂಡಿದರೆ ಚಿಂತೆಯಿಲ್ಲ. ಕೂಡದೆ ನಡುವೆ ಜಾಗ ಉಳಿದರೆ ಹೊಟ್ಟೆಯ ಕೊಬ್ಬು ಹೆಚ್ಚಿದೆ ಎಂದು ತಿಳಿಯಿರಿ. ಸೊಂಟದ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಇಷ್ಟೇ ಇದರ ಲೆಕ್ಕ. ದೊಡ್ಡವರಿಗೂ ಇದೇ ಲೆಕ್ಕ ಸಲ್ಲುತ್ತದೆ. ಮುಂದಿನ ಸಭೆಗೆ ಒಂದು ಉಂಡೆ ದಾರ ತನ್ನಿ, ಮೊದಲು ನಾವೇ ಅಳೆದುಕೊಳ್ಳೋಣ. ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 30 ಜನರ ತೂಕ ಹೆಚ್ಚಿದೆ ಎಂದು 2019-21ರ ಸಮೀಕ್ಷೆಯೇ ಹೇಳಿದೆ, ಆದ್ದರಿಂದ ನಗಾಡಲು ಯಾರಿಗೂ ಅವಕಾಶ ಇರಲಾರದು.

ಇನ್ನೊಂದು ಗುರುತು ಕತ್ತಿನ ಹಿಂಭಾಗದಲ್ಲಿ. ಕೆಲವು ಮಕ್ಕಳಿಗೆ ಕತ್ತಿನ ಸುತ್ತ, ಕಂಕುಳಲ್ಲಿ ಚರ್ಮ ಕಪ್ಪಾಗಿ, ಮಖಮಲ್ಲಿನಂತೆ ದಪ್ಪವಾಗುತ್ತದೆ. ತಾಯಂದಿರು ಕೊಳೆ ಎಂದುಕೊಂಡು ಪ್ರತಿ ಸ್ನಾನದಲ್ಲೂ ತಿಕ್ಕಿ ತಿಕ್ಕಿ ಮಗುವನ್ನು ಅಳಿಸುತ್ತಾರೆ. ಅದು ಕೊಳೆಯಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆ. ತಿಕ್ಕುವುದನ್ನು ಬಿಟ್ಟು ವೈದ್ಯರಿಗೆ ತೋರಿಸಿ.

ಹತ್ತು ರೂಪಾಯಿ ಎಲ್ಲಿ ಹೋಗುತ್ತದೆ?

ನಮ್ಮ ಸದಸ್ಯೆಯರಲ್ಲಿ ಬಹಳ ಜನ ಬೆಳಗ್ಗೆ ಆರೂವರೆ ಏಳಕ್ಕೆಲ್ಲ ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ, ಅಂಗಡಿ ಕೆಲಸಕ್ಕೆ ಹೊರಡುವವರು. ಮಗು ಶಾಲೆಯಿಂದ ಬರುವಾಗ ಅಮ್ಮ ಮನೆಯಲ್ಲಿರುವುದಿಲ್ಲ. ಅದಕ್ಕೆ ಬೆಳಗ್ಗೆಯೇ ಕೈಗೆ ಹತ್ತೋ ಇಪ್ಪತ್ತೋ ಕೊಟ್ಟು "ಏನಾದ್ರೂ ತಗೊಂಡು ತಿನ್ನು ಕಂದ" ಎಂದು ಹೇಳಿ ಬರುತ್ತಾರೆ. ಇದರಲ್ಲಿ ತಾಯಿಯ ತಪ್ಪು ಹುಡುಕುವುದು ನಮಗೆ ಸರಿಕಾಣುವುದಿಲ್ಲ. ಹೊಟ್ಟೆಪಾಡಿಗೆ ದುಡಿಯುವವಳು, ಪ್ರೀತಿಯಿಂದ ಕೊಟ್ಟ ದುಡ್ಡು. ಆದರೆ ಆ ಹತ್ತು ರೂಪಾಯಿ ಎಲ್ಲಿ ಹೋಗುತ್ತದೆ ಎಂಬುದನ್ನು ಸಂಘದ ಲೆಕ್ಕ ಪುಸ್ತಕ ಬರೆಯುವಷ್ಟೇ ಗಮನದಿಂದ ನೋಡೋಣ.

ಬಾಗಿಲ ಬಳಿ ಮಾಲೆಯಂತೆ ನೇತುಹಾಕಿದ ಪ್ಯಾಕೆಟ್‌ಗಳಿಲ್ಲದ ಅಂಗಡಿ ನಮ್ಮ ಬೀದಿಗಳಲ್ಲಿ ಒಂದೂ ಇಲ್ಲ. ಅದರೊಳಗೆ ಗಾಳಿ ಜಾಸ್ತಿ, ಉಳಿದದ್ದು ಎಣ್ಣೆ, ಉಪ್ಪು, ಹಿಟ್ಟು. ಇಬ್ಬರು ಮಕ್ಕಳು ದಿನಕ್ಕೆ ಒಂದೊಂದು ಹತ್ತು ರೂಪಾಯಿ ಪ್ಯಾಕೆಟ್ ತಿಂದರೆ ತಿಂಗಳಿಗೆ 600 ರೂಪಾಯಿ. ನಮ್ಮಲ್ಲಿ ಎಷ್ಟೋ ಜನರ ತಿಂಗಳ ಉಳಿತಾಯ ಅಷ್ಟಿಲ್ಲ! ಅದೇ ಹತ್ತು ರೂಪಾಯಿಗೆ ಒಂದು ಮೊಟ್ಟೆ ಬರುತ್ತದೆ, ಅಥವಾ ಎರಡು ಪುಟ್ಟ ಬಾಳೆಹಣ್ಣು, ಅಥವಾ ಒಂದು ಹಿಡಿ ಹುರಿದ ಕಡಲೆಬೀಜ.

ತಂಪು ಪಾನೀಯದ ಲೆಕ್ಕ ಇನ್ನೂ ಜೋರು. 250 ಮಿಲಿಯ ಒಂದು ಸಣ್ಣ ಕೋಲಾ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಐದರಿಂದ ಆರು ಚಮಚ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ಇಡೀ ದಿನಕ್ಕೆ 20ರಿಂದ 25 ಗ್ರಾಂ ಸಕ್ಕರೆಯೇ ಮಿತಿ. ಒಂದು ಬಾಟಲಿಯಲ್ಲೇ ದಿನದ ಲೆಕ್ಕ ಮುಗಿದು ಮೇಲೆ ಸಾಲವಾಯಿತು. ನಿಮ್ಮ ಮನೆಯ ಟೀ, ಬಿಸ್ಕತ್ತು, ಜಾಮು ಇನ್ನೂ ಬಾಕಿ ಇದೆ. ಮಾವಿನ ಚಿತ್ರ ಹಾಕಿದ ಡಬ್ಬದ ಜ್ಯೂಸ್ "ಹಣ್ಣಿನದ್ದಲ್ವಾ" ಎನ್ನಬೇಡಿ, ಸಕ್ಕರೆಯ ವಿಷಯದಲ್ಲಿ ಅದೂ ಕೋಲಾದ ತಂಗಿಯೇ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ 100 ಮಿಲಿಗೆ ಎಷ್ಟು ಗ್ರಾಂ ಸಕ್ಕರೆ ಎಂದು ಬರೆದಿರುತ್ತಾರೆ. ಓದಲು ಬರದಿದ್ದರೆ ಮಗಳ ಕೈಲಿ ಓದಿಸಿ. ಮಗು ತಾನೇ ಓದಿ ಹೇಳಿದರೆ ನಾವು ನೂರು ಸಲ ಬೈದದ್ದಕ್ಕಿಂತ ಹೆಚ್ಚು ನಾಟುತ್ತದೆ.

ಹಾಲಿಗೆ ಹಾಕುವ ಪುಡಿಗಳ ಬಗ್ಗೆಯೂ ಒಂದು ಮಾತು. ಮಗು ಎತ್ತರವಾಗಲಿ, ಚುರುಕಾಗಲಿ ಎಂದು ಸಾಲ ಮಾಡಿಯಾದರೂ ದೊಡ್ಡ ಡಬ್ಬ ತರುವವರಿದ್ದಾರೆ. ಈ ಪುಡಿಗಳಲ್ಲಿ ಹಲವಕ್ಕೆ ಸಕ್ಕರೆಯೇ ಮುಖ್ಯ ಭಾಗ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಬೋರ್ನ್‌ವಿಟಾ ಮುಂತಾದ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟಗಾರರಿಗೆ ಸೂಚನೆ ಕೊಟ್ಟಿತು, ಏಕೆಂದರೆ ನಮ್ಮ ದೇಶದ ಆಹಾರ ಕಾನೂನಿನಲ್ಲಿ ಅಂಥ ಹೆಸರೇ ಇಲ್ಲ. ಬರೀ ಹಾಲು ಕುಡಿಯಲ್ಲ ಎನ್ನುವ ಮಗುವಿಗೆ ಮೊಳಕೆ ರಾಗಿ ಹುರಿದು ಬೀಸಿದ ಹಿಟ್ಟಿನ ಗಂಜಿಯನ್ನು ಏಲಕ್ಕಿ ಹಾಕಿ ಕೊಟ್ಟು ನೋಡಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇದೆ, ಅಕ್ಕಿ ಗೋಧಿ ಎರಡೂ ಅದರ ಹತ್ತಿರ ಸುಳಿಯುವುದಿಲ್ಲ. ಮೂಳೆಗೆ ಬೇಕಾದದ್ದು ಅದು.

ಶಾಲೆಯ ಮುಂದಿನ ಗಾಡಿಗಳ ವಿಷಯಕ್ಕೆ ಕಾನೂನೇ ಇದೆ ಎಂಬುದು ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಗಾಡಿಯವರೂ ಹೊಟ್ಟೆಪಾಡಿನವರೇ, ಜಗಳಕ್ಕೆ ಹೋಗಬೇಡಿ. ಕಡಲೆಪುರಿ, ಬೇಯಿಸಿದ ಜೋಳ, ಹೆಚ್ಚಿದ ಸೀಬೆ, ಬೇಯಿಸಿದ ಕಡಲೆಕಾಯಿ ಮಾರಿದರೂ ವ್ಯಾಪಾರ ಆಗುತ್ತದೆ ಎಂದು ಹೇಳಿ. ನಮ್ಮ ಸದಸ್ಯೆಯರೇ ಅಂಥ ಗಾಡಿ ಹಾಕಿದರೆ ಇನ್ನೂ ಒಳ್ಳೆಯದು. ಶಾಲೆಯ ಪೋಷಕರ ಸಭೆಗೆ ಮೂರು ನಾಲ್ಕು ತಾಯಂದಿರು ಒಟ್ಟಾಗಿ ಹೋಗಿ ಈ ನಿಯಮದ ಬಗ್ಗೆ ಕೇಳಿದರೆ ಮುಖ್ಯೋಪಾಧ್ಯಾಯರು ಕಿವಿಗೊಡದೆ ಇರುವುದಿಲ್ಲ. ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಬಣ್ಣ ಹೋದರೂ ಎಣ್ಣೆ ಅಲ್ಲೇ ಇದೆ.

ಅಡುಗೆಮನೆಯಲ್ಲಿ

ಹೊಸ ಅಡುಗೆ ಕಲಿಯುವ ಅಗತ್ಯ ಇಲ್ಲ. ನಮ್ಮ ಹಳೇ ಮೈಸೂರು ಕಡೆಯ ಬಸ್ಸಾರು, ಮಸ್ಸೊಪ್ಪು, ಉಪ್ಪೆಸರು, ಮುದ್ದೆ, ಹುರುಳಿಕಾಳು, ಅವರೆಕಾಳು ಇವೆಲ್ಲ ಕಡಿಮೆ ಎಣ್ಣೆಯ ಅಡುಗೆಗಳೇ. ಕಂಟೋನ್ಮೆಂಟಿನ ಕಡೆ ತಮಿಳು, ಉರ್ದು, ತೆಲುಗು ಮಾತನಾಡುವ ನಮ್ಮ ಸದಸ್ಯೆಯರ ಮನೆಯಲ್ಲೂ ಕೀರೆ ಕೂಟು, ಸುಂಡಲ್, ಪಪ್ಪು, ದಾಲ್ ಇದ್ದೇ ಇದೆ. ತೊಂದರೆ ಎಲ್ಲಿ ಅಂದರೆ, ತಟ್ಟೆಯ ಮುಕ್ಕಾಲು ಭಾಗ ಅನ್ನ, ಮೇಲೆ ತಿಳಿಸಾರು, ಪಕ್ಕದಲ್ಲಿ ಕರಿದ ಹಪ್ಪಳ. ಹೊಟ್ಟೆ ತುಂಬಿತು, ಆದರೆ ಒಂದು ಗಂಟೆಗೆ ಮತ್ತೆ ಹಸಿವು, ಮತ್ತೆ ಪ್ಯಾಕೆಟ್. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ ಹಣ್ಣು, ಕಾಲು ಭಾಗ ಅನ್ನ ಅಥವಾ ಮುದ್ದೆ ಅಥವಾ ಚಪಾತಿ, ಉಳಿದ ಕಾಲು ಭಾಗ ಬೇಳೆ, ಕಾಳು, ಮೊಟ್ಟೆ, ಮೀನು, ಮಾಂಸ. ಇಷ್ಟಾದರೆ ಹಸಿವು ತಡೆಯುತ್ತದೆ. ಒಂದೇ ದಿನಕ್ಕೆ ಆಗುವ ಕೆಲಸವಲ್ಲ. ಈ ವಾರ ಒಂದು ಸೌಟು ಅನ್ನ ಕಡಿಮೆ, ಒಂದು ಸೌಟು ಕಾಳು ಜಾಸ್ತಿ ಎಂದು ಶುರುಮಾಡಿ.

ಎಣ್ಣೆಯನ್ನು ಅಳೆಯುವ ಒಂದು ಉಪಾಯ: ತಿಂಗಳ ಮೊದಲ ದಿನ ಮನೆಗೆ ಬೇಕಾದ ಎಣ್ಣೆಯನ್ನು ಒಂದೇ ಡಬ್ಬದಲ್ಲಿ ಹಾಕಿಡಿ. ನಾಲ್ಕು ಜನರ ಮನೆಗೆ ಎರಡೂವರೆ ಲೀಟರ್ ಒಳಗೆ ಮುಗಿಯಬೇಕು. ಇಪ್ಪತ್ತನೇ ತಾರೀಕಿಗೇ ಡಬ್ಬದ ತಳ ಕಂಡರೆ ಎಲ್ಲಿ ಸೋರುತ್ತಿದೆ ಎಂದು ನಿಮಗೇ ತಿಳಿಯುತ್ತದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಬಳಸುವುದು ಬೇಡ.

ತರಕಾರಿ ದುಬಾರಿ ಎನ್ನುವ ಮಾತು ಒಪ್ಪತಕ್ಕದ್ದೇ. ಆದರೆ ಬೆಂಗಳೂರಿನ ಪೂರ್ವಕ್ಕೆ ಇರುವ ನಮಗೆ ಒಂದು ಅನುಕೂಲ ಇದೆ. ಹೊಸಕೋಟೆ, ಕೋಲಾರದ ಕಡೆಯ ಸೊಪ್ಪು ತರಕಾರಿ ಕೆ.ಆರ್. ಪುರದ ಮೂಲಕವೇ ಊರೊಳಗೆ ಬರುತ್ತದೆ. ಅಲ್ಲಿನ ಸಂತೆಯಲ್ಲಿ, ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಸಂಜೆ ಹೊತ್ತು ಸೊಪ್ಪು ಇಳಿದ ಬೆಲೆಗೆ ಸಿಗುತ್ತದೆ. ನಾಲ್ಕೈದು ಮನೆಯವರು ಸೇರಿ ಒಬ್ಬರನ್ನು ಕಳುಹಿಸಿ ಸಗಟಾಗಿ ತಂದು ಹಂಚಿಕೊಳ್ಳಬಹುದು. ಸಂಘ ಎಂದರೆ ಬರೀ ಸಾಲ ತಾನೇ ಅಲ್ಲ. ದಂಟು, ಹರಿವೆ, ಮೆಂತ್ಯ, ನುಗ್ಗೆಸೊಪ್ಪು ಯಾವುದಾದರೂ ಸರಿ, ಆಯಾ ಕಾಲಕ್ಕೆ ಅಗ್ಗವಾಗಿ ಸಿಕ್ಕಿದ್ದು ತನ್ನಿ.

ಸರ್ಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಕೊಡುತ್ತಾರೆ. ಅದನ್ನು ತಿನ್ನದೆ ದುಡ್ಡು ತಗೊಂಡು ಹೊರಗಡೆ ತಿನ್ನುವ ಮಕ್ಕಳಿದ್ದಾರೆ. ಶಾಲೆಯಲ್ಲಿ ಏನು ತಿಂದೆ ಎಂದು ಸಂಜೆ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಹಬ್ಬದ ದಿನ ತಿನ್ನಲಿ. ಸೆಪ್ಟೆಂಬರ್ 8ರ ಶಿವಾಜಿನಗರದ ಮಾತೆಯ ಹಬ್ಬವಿರಲಿ, ಹಲಸೂರಿನ ಸೋಮೇಶ್ವರನ ಪಲ್ಲಕ್ಕಿಯಿರಲಿ, ರಂಜಾನ್ ಸಂಜೆಯಿರಲಿ, ಕ್ರಿಸ್ಮಸ್ಸಿನ ಕಲ್‌ಕಲ್, ಉಗಾದಿಯ ಹೋಳಿಗೆ ಯಾವುದನ್ನೂ ಕಿತ್ತುಕೊಳ್ಳಬೇಕಿಲ್ಲ. ಹಬ್ಬದ ತಿಂಡಿಯಿಂದ ಯಾವ ಮಗುವೂ ದಪ್ಪವಾಗಿಲ್ಲ. ಸಾದಾ ಮಂಗಳವಾರ ಸಂಜೆಯ ಬೇಕರಿ ಪಫ್ಫಿನಿಂದ ಆಗುವುದು.

ತಟ್ಟೆಯ ಮುಂದೆ ಮೊಬೈಲು

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು 6ರಿಂದ 16 ವರ್ಷದ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹೆಚ್ಚು ಹೊತ್ತು ಟಿ.ವಿ. ನೋಡುವ ಮತ್ತು ಕಡಿಮೆ ಹೊತ್ತು ನಿದ್ದೆ ಮಾಡುವ ಮಕ್ಕಳಲ್ಲಿ ಅತಿತೂಕ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಆಗ ಮನೆಗೊಂದು ಟಿ.ವಿ. ಇದ್ದರೆ ಹೆಚ್ಚು. ಈಗ ಕೈಗೊಂದು ಮೊಬೈಲು. ಕೊರೋನಾ ಸಮಯದಲ್ಲಿ, 2020 ಮತ್ತು 2021ರಲ್ಲಿ, ಶಾಲೆ ಮುಚ್ಚಿ ಪಾಠಕ್ಕೆಂದು ಕೊಟ್ಟ ಮೊಬೈಲನ್ನು ಎಷ್ಟೋ ಮನೆಗಳಲ್ಲಿ ವಾಪಸ್ ಇಸ್ಕೊಳ್ಳಲು ಆಗಿಯೇ ಇಲ್ಲ.

ಮೊಬೈಲ್ ತೋರಿಸಿ ತುತ್ತು ಇಡುವಾಗ ಮಗುವಿನ ಗಮನ ಪರದೆಯ ಮೇಲೆ. ಹೊಟ್ಟೆ 'ಸಾಕು' ಎಂದರೂ ಅದಕ್ಕೆ ಕೇಳುವುದಿಲ್ಲ. ನಾವೂ "ಇದೊಂದು ತುತ್ತು ಚಂದಮಾಮನಿಗೆ, ಇದೊಂದು ತುತ್ತು ಅಜ್ಜಿಗೆ" ಎಂದು ತುರುಕುತ್ತೇವೆ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎನ್ನುವುದು ಅಮ್ಮನ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಎನ್ನುವುದನ್ನು ಮಗುವಿನ ಹೊಟ್ಟೆಗೆ ಬಿಡಿ. ಅನ್ನ ಚೆಲ್ಲಬಾರದು ಎಂಬುದು ನಮ್ಮ ಸಂಸ್ಕಾರ, ನಿಜ. ಅದಕ್ಕೆ ಮೊದಲೇ ಸ್ವಲ್ಪ ಬಡಿಸಿ, ಬೇಕಾದರೆ ಮತ್ತೆ ಹಾಕಿ. ದಿನಕ್ಕೆ ಒಂದು ಊಟವಾದರೂ, ರಾತ್ರಿಯದ್ದಾದರೂ ಸರಿ, ಎಲ್ಲರೂ ಒಟ್ಟಿಗೆ ಕೂತು ಮಾಡಿ. ಟಿ.ವಿ. ಆರಿಸಿ, ಅಪ್ಪನ ಮೊಬೈಲೂ ಸೇರಿದಂತೆ ಎಲ್ಲ ಮೊಬೈಲು ಕಪಾಟಿನ ಮೇಲೆ. ಅಪ್ಪ ಒಪ್ಪುವುದೇ ಕಷ್ಟ ಎಂದು ಬಹಳ ಸಭೆಗಳಲ್ಲಿ ಕೇಳಿದ್ದೇವೆ.

ಎರಡು ವರ್ಷ ತುಂಬುವ ಮೊದಲು ಪರದೆ ಬೇಡವೇ ಬೇಡ, ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಆರರಿಂದ ಹನ್ನೆರಡು ವರ್ಷದ ಮಗುವಿಗೆ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ಬೆಳಗ್ಗೆ ಆರಕ್ಕೆ ಏಳಬೇಕಾದ ಮಗು ರಾತ್ರಿ ಒಂಬತ್ತಕ್ಕೆ ಮಲಗಬೇಕು. ಒಂದೇ ಕೋಣೆಯ ಮನೆಯಲ್ಲಿ ಧಾರಾವಾಹಿ ಹತ್ತೂವರೆಯವರೆಗೆ ಓಡುತ್ತಿದ್ದರೆ ಅದು ಹೇಗೆ ಮಲಗೀತು? ಧಾರಾವಾಹಿಯನ್ನು ತ್ಯಾಗ ಮಾಡಿ ಎನ್ನುವುದು ಸ್ವಲ್ಪ ಕಠಿಣವಾದ ಮಾತೇ. ಶಬ್ದವನ್ನಾದರೂ ತಗ್ಗಿಸಿ, ಇಲ್ಲವೇ ಮಾರನೇ ದಿನ ನೋಡಿ.

ಆಟಕ್ಕೆ ಜಾಗ ಎಲ್ಲಿ?

ಐದರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ದಿನಕ್ಕೆ ಒಂದು ಗಂಟೆ ಬೆವರು ಬರುವ ಹಾಗೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಗಲ್ಲಿಗಳನ್ನು ನೋಡಿದರೆ ಇದನ್ನು ಓದಿ ನಗು ಬರಬಹುದು. ಎರಡು ಬೈಕು ಎದುರಾದರೆ ದಾರಿಯಿಲ್ಲ, ಬಾಗಿಲಿಗೇ ಆಟೋ ನಿಂತಿರುತ್ತದೆ.

ಆದರೂ ಹಲಸೂರಿನ ಗೌತಮಪುರವನ್ನು ನೆನೆಸಿಕೊಳ್ಳಿ. ಇಕ್ಕಟ್ಟಾದ ಬೀದಿಗಳ ಆ ಬಡಾವಣೆಯಲ್ಲಿ ತಲೆಮಾರುಗಳಿಂದ ಫುಟ್‌ಬಾಲ್ ಹುಚ್ಚು. ಬ್ರೆಜಿಲ್ ಆಟಗಾರ ಪೆಲೆಯ ಪ್ರತಿಮೆಯನ್ನೇ ಅಲ್ಲಿನ ಜನ ನಿಲ್ಲಿಸಿದ್ದಾರೆ, ಅಂಬೇಡ್ಕರ್ ಮತ್ತು ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ. ಜಾಗ ದೊಡ್ಡದಿದ್ದರೆ ಮಾತ್ರ ಆಟ ಎನ್ನುವ ಹಾಗಿದ್ದರೆ ಅಲ್ಲಿಂದ ಒಬ್ಬ ಆಟಗಾರನೂ ಬರಬಾರದಿತ್ತು.

ಗಂಡುಮಕ್ಕಳು ಹೇಗೋ ಹೊರಗೆ ಹೋಗಿ ಆಡುತ್ತಾರೆ. ನಮಗೆ ಚಿಂತೆ ಹೆಣ್ಣುಮಕ್ಕಳದು. ಹತ್ತು ಹನ್ನೊಂದು ವರ್ಷವಾದರೆ ಸಾಕು, "ಒಳಗೆ ಬಾ" ಎನ್ನುತ್ತೇವೆ. ಭಯಕ್ಕೆ ಕಾರಣ ಇದೆ, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಮೈಸೂರಿನ ಅಧ್ಯಯನದಲ್ಲಿ ಕೊಬ್ಬು ಮೊದಲು ಕಾಣಿಸಿಕೊಂಡದ್ದೇ ಹೆಣ್ಣುಮಕ್ಕಳಲ್ಲಿ ಎಂಬುದನ್ನೂ ಮರೆಯಬಾರದು. ಒಬ್ಬ ತಾಯಿಯಿಂದ ಆಗದ್ದು ಹದಿನೈದು ಜನರ ಸಂಘದಿಂದ ಆಗುತ್ತದೆ. ಸಂಜೆ ಐದರಿಂದ ಆರರವರೆಗೆ ಇಬ್ಬರು ಸದಸ್ಯೆಯರು ಸರದಿಯಂತೆ ಬೀದಿಯ ಮಕ್ಕಳನ್ನು ಹತ್ತಿರದ ಪಾರ್ಕಿಗೋ, ಶಾಲೆಯ ಅಂಗಳಕ್ಕೋ, ಚರ್ಚ್ ಆವರಣಕ್ಕೋ ಕರೆದೊಯ್ದು ಕಾವಲಿರಲಿ. ಹದಿನೈದು ಜನರಲ್ಲಿ ಒಬ್ಬೊಬ್ಬರಿಗೆ ವಾರಕ್ಕೆ ಒಂದು ಸರದಿ ಸಹ ಬರುವುದಿಲ್ಲ. ಕುಂಟೆಬಿಲ್ಲೆ, ಲಗೋರಿ, ಖೋ ಖೋ, ಹಗ್ಗದಾಟಕ್ಕೆ ಖರ್ಚೇ ಇಲ್ಲ. ನಾವೂ ಸೀರೆ ಸೆರಗು ಸಿಕ್ಕಿಸಿ ಒಂದು ಕೈ ನೋಡಬಹುದು. ಮಳೆಗಾಲದಲ್ಲಿ ಮನೆಯೊಳಗೇ ಹಾಡು ಹಾಕಿ ಕುಣಿಯಲಿ. ನೀರು ತರುವುದು, ಗುಡಿಸುವುದು, ಅಂಗಡಿಗೆ ನಡೆದು ಹೋಗುವುದು ಗಂಡು ಹೆಣ್ಣು ಇಬ್ಬರಿಗೂ ಇರಲಿ.

ಈಗಾಗಲೇ ದಪ್ಪವಿರುವ ಮಗುವಿಗೆ

ಉಪವಾಸ ಕೆಡವಬೇಡಿ. ಬೆಳೆಯುವ ಮಗುವಿಗೆ ಊಟ ಕಡಿತಗೊಳಿಸಿದರೆ ಎತ್ತರವೂ ನಿಲ್ಲುತ್ತದೆ, ಕದ್ದು ತಿನ್ನುವುದೂ ಶುರುವಾಗುತ್ತದೆ. ತೂಕ ಇಳಿಸುವ ಪುಡಿ, ಮಾತ್ರೆ, ಟೀ ಯಾವುದೂ ಬೇಡ. ಹೆಚ್ಚಿನ ಮಕ್ಕಳಲ್ಲಿ ತೂಕ ಇಳಿಯಬೇಕಾದ್ದೇ ಇಲ್ಲ, ಏರದೆ ನಿಂತರೆ ಸಾಕು. ಮಗು ಎತ್ತರವಾಗುತ್ತಾ ಹೋದ ಹಾಗೆ ಅದೇ ತೂಕ ಮೈಗೆ ಸರಿಹೊಂದುತ್ತದೆ. ವರ್ಷಗಟ್ಟಲೆ ಹಿಡಿಯಬಹುದು, ಅವಸರ ಬೇಡ.

ಆ ಒಂದು ಮಗುವಿಗೆ ಮಾತ್ರ ಬೇರೆ ತಟ್ಟೆ ಇಡಬೇಡಿ. ಅಣ್ಣನಿಗೆ ಚಿಪ್ಸು, ನಿನಗೆ ಸೌತೆಕಾಯಿ ಎಂದರೆ ಆ ಮಗುವಿನ ಮನಸ್ಸು ಏನಾಗಬೇಡ? ಮನೆಗೇ ಚಿಪ್ಸು ತರದಿದ್ದರೆ ಜಗಳವೇ ಇಲ್ಲ. ಡುಮ್ಮಿ, ಗುಂಡ, ಆನೆಮರಿ ಎಂದು ಪ್ರೀತಿಯಿಂದ ಕರೆದರೂ ಅದು ಚುಚ್ಚುತ್ತದೆ. ಮದುವೆ ಮನೆಯಲ್ಲಿ ನೆಂಟರು "ಏನು ತಿನ್ನಿಸ್ತೀರಿ ಇವಳಿಗೆ?" ಎಂದು ನಕ್ಕಾಗ ನಾವು ಮಗುವಿನ ಪಕ್ಕ ನಿಲ್ಲಬೇಕು.

"ಥೈರಾಯ್ಡ್ ಇರಬೇಕು" ಎಂದು ಹಲವರು ಹೇಳುತ್ತಾರೆ. ಹಾರ್ಮೋನಿನ ದೋಷದಿಂದ ದಪ್ಪವಾಗುವ ಮಕ್ಕಳು ಬಹಳ ಕಡಿಮೆ. ಸಾಮಾನ್ಯವಾಗಿ ಅತಿತೂಕದ ಮಗು ಓರಗೆಯವರಿಗಿಂತ ಎತ್ತರವಾಗಿಯೇ ಇರುತ್ತದೆ. ದಪ್ಪವಾಗುತ್ತಿದ್ದು ಎತ್ತರ ಮಾತ್ರ ಬೆಳೆಯದಿದ್ದರೆ ಆಗ ತಪ್ಪದೆ ಪರೀಕ್ಷೆ ಬೇಕು. ಜೋರಾಗಿ ಗೊರಕೆ ಹೊಡೆದು ಹಗಲಲ್ಲಿ ತೂಕಡಿಸುವುದು, ಮೊಣಕಾಲು ಅಥವಾ ಸೊಂಟದ ನೋವಿನಿಂದ ಕುಂಟುವುದು, ಕತ್ತಿನ ಕಪ್ಪು, ದೊಡ್ಡ ಹುಡುಗಿಯರಲ್ಲಿ ಮುಟ್ಟು ತಿಂಗಳುಗಟ್ಟಲೆ ನಿಲ್ಲುವುದು, ಇವಿದ್ದರೂ ತೋರಿಸಿ. ಪದೇ ಪದೇ ಬಾಯಾರಿಕೆ, ರಾತ್ರಿ ಎದ್ದೆದ್ದು ಮೂತ್ರಕ್ಕೆ ಹೋಗುವುದು ಕಂಡರೆ ನಾಳೆ ಎನ್ನದೆ ಅಂದೇ ಹೋಗಿ. ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುರುಮಾಡಬಹುದು. ಶಿವಾಜಿನಗರದವರಿಗೆ ಬೌರಿಂಗ್ ಆಸ್ಪತ್ರೆ, ಇಂದಿರಾನಗರ ಹಲಸೂರಿನವರಿಗೆ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದವರಿಗೆ ಅಲ್ಲಿನ ಸಾರ್ವಜನಿಕ ಆಸ್ಪತ್ರೆ ಇದೆ. ಹೋಗುವಾಗ ತಾಯಿ ಕಾರ್ಡ್ ಮತ್ತು ಶಾಲೆಯಲ್ಲಿ ಆರೋಗ್ಯ ತಪಾಸಣೆ ಮಾಡಿದ್ದರೆ ಅದರ ಚೀಟಿ ತೆಗೆದುಕೊಂಡು ಹೋಗಿ.

ಈ ಕರಪತ್ರವನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ದಾರದ ಪರೀಕ್ಷೆಯನ್ನು ಅಂದೇ ಮಾಡಿ. ಸಂಜೆಯ ಆಟದ ಸರದಿ ಪಟ್ಟಿಯನ್ನು ನಡಾವಳಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು, ಯಾರ ಸರದಿ ಯಾವ ದಿನ ಎಂದು ಸಹಿ ಹಾಕಿಸಿಕೊಳ್ಳಿ. ಮೂರು ತಿಂಗಳ ನಂತರ ಅದೇ ಮಕ್ಕಳನ್ನು ಹೊಸ ದಾರದಿಂದ ಮತ್ತೆ ಅಳೆಯಿರಿ. ಈ ನಡುವೆ ಮಗು ಎತ್ತರವಾಗಿರುತ್ತದೆ, ಹಳೇ ದಾರ ನಡೆಯುವುದಿಲ್ಲ.